ಕಲ್ಲು ನೆಲದ ಕೋಣೆಗೆ ಒಂದು ಸಣ್ಣ ಜೋಡಿ: ವಾರ್ಫ್‌ಡೇಲ್ ಡೈಮಂಡ್ 12.1

ವಚನ, ಹಿಂದೂಸ್ತಾನಿ ಗಾಯನ, ಹಳೇ ಭಾವಗೀತೆ ಕೇಳುವವರು ನೀವಾಗಿದ್ದರೆ, ಕೇಳುವ ಕೋಣೆ ಹತ್ತು-ಹದಿನಾಲ್ಕು ಅಡಿಯದಾಗಿದ್ದರೆ, ವಾರ್ಫ್‌ಡೇಲ್ ಡೈಮಂಡ್ 12.1 ಸ್ಪೀಕರ್ ಜೋಡಿಯನ್ನು ಧೈರ್ಯವಾಗಿ ತಗೊಳ್ಳಿ. ಶೋಕೇಸಿನೊಳಗೆ ಟೀವಿ ಪಕ್ಕ ಇಟ್ಟು ಕೇಳುವ ಯೋಚನೆ ಇದ್ದರೆ ಮಾತ್ರ ಬೇಡ. ಅದಕ್ಕೆ ಕಡಿಮೆ ದುಡ್ಡಿನವು ಬೇಕಾದಷ್ಟು ಸಿಗುತ್ತವೆ. ನಾನು ಇವನ್ನು ಕೊಂಡು, ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಕೇಳಿ, ಆಮೇಲೆ ಬರೆಯುತ್ತಿದ್ದೇನೆ.

ನನ್ನ ಕೆಲಸ ರಾಯಚೂರಿನ ಮಾರುಕಟ್ಟೆ ರಾಜೇಂದ್ರ ಗಂಜಿನಲ್ಲಿ. ಹತ್ತಿ ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಹಗಲೆಲ್ಲಾ ಹಮಾಲರ ಕೂಗು, ಲಾರಿ ಹಾರ್ನು, ಹರಾಜಿನ ಗದ್ದಲ. ರಾತ್ರಿ ಊಟ ಆದಮೇಲೆ ಒಂದು ತಾಸು ಸಂಗೀತ ಕೇಳದಿದ್ದರೆ ನಿದ್ದೆ ಹತ್ತುವುದಿಲ್ಲ. ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿ; ಜೊತೆಗೆ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್. ಹೆಚ್ಚಾಗಿ ಇವರೇ. ವಚನ ಗಾಯನದಲ್ಲಿ ಸ್ವರ ಎಷ್ಟು ಮುಖ್ಯವೋ ಮಾತೂ ಅಷ್ಟೇ ಮುಖ್ಯ. ಒಂದು ಅಕ್ಷರ ಮಸುಕಾದರೂ ಅರ್ಥ ತಪ್ಪಿಹೋಗುತ್ತದೆ. ನನಗೆ ಬೇಕಿದ್ದ ಸ್ಪೀಕರ್ ಇದು: ಮಾತು ಕೈಬಿಡಬಾರದು, ತಂಬೂರಿ ತಂಬೂರಿಯಾಗಿಯೇ ಕೇಳಬೇಕು.

ಮೊದಲು ಇದ್ದದ್ದು ಎದೆಮಟ್ಟದ ಎರಡು ದೊಡ್ಡ ಬಾಕ್ಸು. ಮೇಲೆ ಸಾವಿರಗಟ್ಟಲೆ ವಾಟ್ ಪಿಎಂಪಿಒ ಅಂತ ಬಂಗಾರದ ಅಕ್ಷರದ ಸ್ಟಿಕ್ಕರ್. ಆ ಪಿಎಂಪಿಒ ಲೆಕ್ಕವನ್ನು ಯಾರೂ ನಂಬಬೇಡಿ, ಅದಕ್ಕೆ ಯಾವ ಕಟ್ಟುನಿಟ್ಟಿನ ಅಳತೆಯೂ ಇಲ್ಲ. ನೋಡಬೇಕಾದ್ದು ಆರ್‌ಎಂಎಸ್ ವಾಟ್, ಅಂದರೆ ಎಡೆಬಿಡದೆ ತಾಳುವ ವಾಟ್. ಆ ಬಾಕ್ಸುಗಳ ಕೊನೆ ಹೇಗಾಯಿತು ಅಂದರೆ, ವೂಫರಿನ (ಕೆಳಗಿನ ಸ್ವರ ನುಡಿಸುವ ದೊಡ್ಡ ಭಾಗ) ಕಾಗದದ ಕೋನ್ ಸುತ್ತ ಒಂದು ಫೋಮ್ ಉಂಗುರ ಇರುತ್ತದಲ್ಲ, ಅದನ್ನು ಬೆರಳಿನಿಂದ ಮುಟ್ಟಿದರೆ ಪುಡಿ ಪುಡಿಯಾಗಿ ಉದುರಿತು. ಬೆರಳಿಗೆ ಅಂಟಂಟು ಕರೀ ಪುಡಿ. ಫೋಮ್ ಉಂಗುರಕ್ಕೆ ಬಿಸಿಲು, ಸೆಕೆ ಎರಡೂ ಆಗಿಬರುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮಂಥ ಊರಿನವರು ಸ್ಪೀಕರ್ ನೋಡುವಾಗ ಮೊದಲು ಇದನ್ನೇ ನೋಡಬೇಕು. ಉಂಗುರ ರಬ್ಬರಿನದಾಗಿದ್ದರೆ ಬಾಳಿಕೆ ಜಾಸ್ತಿ. 12.1ರಲ್ಲಿ ಇರುವುದು ರಬ್ಬರೇ.

ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಏನು ಬೇಕಾದರೂ ಸಿಗುತ್ತದೆ. ಆದರೆ ಹೈಫೈ ಸ್ಪೀಕರನ್ನು ಗಲ್ಲಿಯ ಗದ್ದಲದಲ್ಲಿ ನಿಂತು ತಗೊಳ್ಳುವುದಲ್ಲ. ಕೂತು ಕೇಳಲು ಕೋಣೆ ಇರುವ ಶೋರೂಮಿಗೆ ಹೋಗಿ. ಹೋಗುವಾಗ ನಿಮ್ಮ ಹಾಡು ನೀವೇ ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅವರು ಹಾಕಿ ತೋರಿಸುವ ಹಾಡು ಯಾವ ಸ್ಪೀಕರಿನಲ್ಲೂ ಚೆನ್ನಾಗಿಯೇ ಕೇಳುತ್ತದೆ.

ಅಲ್ಲಿ ಪಕ್ಕ ಪಕ್ಕ ಕೇಳಿದ್ದು ಎರಡು ಜೋಡಿ. ಒಂದು ಕೆಫ್ ಕ್ಯೂ 150. ಅದರಲ್ಲಿ ಮೇಲಿನ ಸ್ವರ ನುಡಿಸುವ ಸಣ್ಣ ಭಾಗ, ಟ್ವೀಟರ್, ಇರುವುದು ವೂಫರಿನ ನಡುಮಧ್ಯದಲ್ಲಿ. ಯೂನಿ-ಕ್ಯೂ ಅನ್ನುತ್ತಾರೆ, 1988ರಿಂದ ಕೆಫ್ ಮಾಡಿಕೊಂಡು ಬಂದ ರಚನೆ. ದನಿ ಒಂದೇ ಬಿಂದುವಿನಿಂದ ಬರುವುದರಿಂದ ಹಾಡುವವರು ಎಲ್ಲಿ ಕೂತಿದ್ದಾರೆ, ತಬಲಾ ಎಲ್ಲಿದೆ ಅಂತ ಬೊಟ್ಟು ಮಾಡಿ ತೋರಿಸಬಹುದು. ಇನ್ನೊಂದು ಈ 12.1. 1932ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಗಿಲ್ಬರ್ಟ್ ಬ್ರಿಗ್ಸ್ ಶುರು ಮಾಡಿದ ಕಂಪನಿಯದು. ಐದು ಇಂಚಿನ ವೂಫರ್, ಬಟ್ಟೆಯ ಗುಮ್ಮಟದ ಟ್ವೀಟರ್, ಗಾಳಿಯಾಡುವ ತೂತು ಹಿಂದುಗಡೆ.

ಇಲ್ಲೊಂದು ವಿಷಯ ಗಮನಿಸಿ. ಕೆಫ್‌ನ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವ ಅಳತೆ, 86 ಡೆಸಿಬಲ್, ವಾರ್ಫ್‌ಡೇಲಿನದು 88. ಆಂಪ್ಲಿಫೈಯರಿನ ಗುಂಡಿ ಒಂದೇ ಕಡೆ ಇಟ್ಟು ಬದಲಿಸಿ ಬದಲಿಸಿ ಕೇಳಿದರೆ ವಾರ್ಫ್‌ಡೇಲ್ ಸ್ವಲ್ಪ ಜೋರಾಗಿ ಕೇಳುತ್ತದೆ. ಜೋರಾಗಿ ಕೇಳಿದ್ದೇ ಕಿವಿಗೆ ಚಂದ ಅನ್ನಿಸುತ್ತದೆ, ಮನುಷ್ಯರ ಕಿವಿ ಇರುವುದೇ ಹಾಗೆ. ಅದಕ್ಕೆ ಕೆಫ್ ಹಾಕಿದಾಗ ಗುಂಡಿ ಒಂಚೂರು ಏರಿಸಲು ಹೇಳಿದೆ. ಸಮ ಮಾಡಿಕೊಂಡು ಕೇಳಿದಾಗ ನನ್ನ ತೀರ್ಮಾನ ಇಷ್ಟು: ಹೊಸ, ಶುದ್ಧ ರೆಕಾರ್ಡಿಂಗಿಗೆ ಕೆಫ್ ಒಂದು ಕೈ ಮೇಲು. ಆದರೆ ನನ್ನ ಹತ್ತಿರ ಇರುವುದರಲ್ಲಿ ಮುಕ್ಕಾಲು ಪಾಲು ಕ್ಯಾಸೆಟ್ಟಿನಿಂದ, ರೇಡಿಯೋದಿಂದ ಇಳಿಸಿಕೊಂಡ ಹಳೇ ಹಾಡು. ಅವುಗಳಲ್ಲಿ ಟೇಪಿನ 'ಸ್‌ಸ್' ಅನ್ನುವ ಸದ್ದು ಇದ್ದೇ ಇರುತ್ತದೆ. ಕೆಫ್ ಅದನ್ನು ಎತ್ತಿ ಎತ್ತಿ ತೋರಿಸುತ್ತದೆ. ವಾರ್ಫ್‌ಡೇಲ್ ಅದನ್ನು ಹಿಂದೆ ಬಿಟ್ಟು ಗಾಯಕರನ್ನು ಮುಂದೆ ಕೂರಿಸುತ್ತದೆ. ನನಗೆ ಬೇಕಾದ್ದು ಅದೇ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಇಷ್ಟು ಸಣ್ಣ ಡಬ್ಬಿಯಲ್ಲಿ ಬೇಸ್ ಬರುತ್ತದಾ? ಸ್ವಲ್ಪ ಲೆಕ್ಕ ಹಾಕೋಣ, ಲೆಕ್ಕ ನನ್ನ ಕಸುಬು ಅಲ್ವಾ. ಗಂಡಸರು ಹೆಚ್ಚಾಗಿ ಹಾಡುವ ಶ್ರುತಿ ಕಾಳಿ ಒಂದು, ಹಾರ್ಮೋನಿಯಂನ ಮೊದಲ ಕಪ್ಪು ಮನೆ. ಅದರ ಷಡ್ಜ ಸುಮಾರು 139 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ತಂಬೂರಿಯ ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿ, ಖರ್ಜ, ಅದರ ಅರ್ಧ, ಅಂದರೆ 69 ಹರ್ಟ್ಜ್. ಡೈಮಂಡ್ 12.1ರ ದನಿ 65 ಹರ್ಟ್ಜ್‌ವರೆಗೆ ಗಟ್ಟಿಯಾಗಿ ಇಳಿಯುತ್ತದೆ. ಖರ್ಜ ಅದರೊಳಗೇ ಬಂತು.

ಈಗ ಕೋಣೆಯ ಲೆಕ್ಕ. ನಮ್ಮದು ಹದಿನಾಲ್ಕು ಅಡಿ ಉದ್ದ, ಹತ್ತು ಅಡಿ ಅಗಲ, ಎತ್ತರವೂ ಹತ್ತೇ ಅಡಿ. ಎದುರುಬದುರು ಇರುವ ಎರಡು ಗೋಡೆಗಳ ನಡುವೆ ಒಂದೊಂದು ತರಂಗ ಸಿಕ್ಕಿಹಾಕಿಕೊಂಡು ಗುಂಯ್ ಅನ್ನುತ್ತದೆ. ಹತ್ತು ಅಡಿಗೆ ಅದು ಸುಮಾರು 56 ಹರ್ಟ್ಜ್. ಅಗಲಕ್ಕೊಮ್ಮೆ, ಎತ್ತರಕ್ಕೊಮ್ಮೆ ಅದೇ 56 ಬಂದು ಎರಡೂ ಕೂಡಿಕೊಳ್ಳುತ್ತವೆ. ಬೇಸ್ ಗಿಟಾರಿನ ಒಂದು ತಂತಿ ಶ್ರುತಿಯಾಗುವುದು 55ಕ್ಕೆ. ಹಳೇ ದೊಡ್ಡ ಬಾಕ್ಸಿನಲ್ಲಿ ಸಿನಿಮಾ ಹಾಡು ಹಾಕಿದಾಗ ಆ ಸ್ವರ ಬಂದರೆ ಸಾಕು, ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳು ಝಲ್ ಅಂತ ಸದ್ದು ಮಾಡುತ್ತಿದ್ದವು. ನಮ್ಮ ಕೋಣೆಗೆ ಖರ್ಜದ 69 ಬೇಕು, ಕಾಟ ಕೊಡುವ 56 ಬೇಡ. 12.1ರ ದನಿ ಸರಿಯಾಗಿ ಇವೆರಡರ ನಡುವೆ ಕ್ಷೀಣಿಸತೊಡಗುತ್ತದೆ. ದೊಡ್ಡ ಸ್ಪೀಕರ್ ತಂದಿದ್ದರೆ ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ಗುಂಯ್‌ಗುಟ್ಟುವಿಕೆ ತಂದ ಹಾಗಾಗುತ್ತಿತ್ತು. ನಿಮ್ಮ ಕೋಣೆಯನ್ನೂ ಟೇಪು ಹಿಡಿದು ಅಳೆಯಿರಿ. 343ನ್ನು (ಸದ್ದು ಸೆಕೆಂಡಿಗೆ ಓಡುವ ಮೀಟರ್) ಗೋಡೆಯಿಂದ ಗೋಡೆಗಿರುವ ಮೀಟರಿನ ಎರಡರಷ್ಟರಿಂದ ಭಾಗಿಸಿದರೆ ನಿಮ್ಮ ಅಂಕಿ ಸಿಗುತ್ತದೆ.

ಮನೆಗೆ ತಂದ ಮೇಲೆ ಕೆಲಸ ಜಾಸ್ತಿ. ಶೋರೂಮಿನಲ್ಲಿ ನೆಲದ ತುಂಬ ಕಾರ್ಪೆಟ್, ದಪ್ಪ ಸೋಫಾ, ಗೋಡೆಗೆ ಬಟ್ಟೆ. ನಮ್ಮಲ್ಲಿ ಶಹಾಬಾದ್ ಕಲ್ಲಿನ ನೆಲ, ಆರ್‌ಸಿಸಿ ಛತ್ತು, ಸುಣ್ಣದ ಗೋಡೆ. ಚಪ್ಪಾಳೆ ತಟ್ಟಿದರೆ ಹಿಂದೆಯೇ 'ಝಿಣ್' ಅಂತ ಒಂದು ಬಾಲ. ಆ ಬಾಲವೇ ವಚನದ ಮಾತುಗಳನ್ನು ಒಂದರ ಮೇಲೊಂದು ಹೇರುವುದು.

ಮೊದಲು ಸ್ಟ್ಯಾಂಡ್. ಅಂಗಡಿಯ ರೆಡಿಮೇಡ್ ಸ್ಟ್ಯಾಂಡ್ ಸಾಮಾನ್ಯವಾಗಿ 24 ಇಂಚು. ಅದು ಸೋಫಾದಲ್ಲಿ ಕೂರುವವರ ಅಳತೆ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು ಅನ್ನುವುದು ನಿಯಮ. ನಾವು ನೆಲದ ಮೇಲೆ ಗಾದಿ ಹಾಸಿ ಚಕ್ಕಳಮಕ್ಕಳ ಹಾಕಿ ಕೂರುವವರು. ಆಗ ಕಿವಿ ಇರುವುದು ನೆಲದಿಂದ ಸುಮಾರು ಎರಡೂವರೆ ಅಡಿ ಮೇಲೆ. ಅದಕ್ಕೆ 20 ಇಂಚಿನ ಸ್ಟ್ಯಾಂಡ್ ಸಾಕು. ಗಂಜಿನ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಮೂರು ಇಂಚಿನ ಚೌಕ ಪೈಪು, ಕೆಳಗೆ ಒಂದಡಿ ಚೌಕದ ದಪ್ಪ ತಗಡು, ಮೇಲೆ ಸ್ಪೀಕರ್ ಕೂರುವಷ್ಟು ಇನ್ನೊಂದು.

"ಅಣ್ಣಾ, ಇದರ ಮ್ಯಾಲ ಹೂವಿನ ಕುಂಡ ಇಡ್ತೀರೇನು?" ಅಂತ ಕೇಳಿದರು ವೆಲ್ಡಿಂಗ್ ಭಾಯ್.

"ಇಲ್ಲ ಭಾಯ್, ಹಾಡಿನ ಡಬ್ಬಿ ಇಡ್ತೀನಿ. ಪೈಪಿನ್ಯಾಗ ಉಸುಕು ತುಂಬೋದೈತಿ, ಮ್ಯಾಲ ಒಂದು ತೂತು ಬಿಡ್ರಿ."

ಮನೆ ಕಟ್ಟಿದಾಗ ಉಳಿದಿದ್ದ ಹೊಳೆ ಉಸುಕನ್ನು ಜರಡಿ ಹಿಡಿದು, ಬಿಸಿಲಿಗೆ ಒಣಗಿಸಿ ಒಯ್ದಿದ್ದೆ. ಖಾಲಿ ಪೈಪಿಗೆ ಅವರು ಸ್ಪ್ಯಾನರಿನಿಂದ ತಟ್ಟಿದರು: ಠಣ್ಣ್ ಅಂತ ಎಷ್ಟೋ ಹೊತ್ತು ಗುನುಗಿತು. ಉಸುಕು ತುಂಬಿ ತಟ್ಟಿದರು: ಧಪ್. ಅಷ್ಟೇ. "ಸತ್ತೇ ಹೋತಲ್ರೀ ಸದ್ದು!" ಅಂತ ಅವರಿಗೇ ಖುಷಿ. ಇನ್ನೊಂದು ಸಲ ತಟ್ಟಿ ನೋಡಿದರು. ಸ್ಟ್ಯಾಂಡ್ ತಾನೇ ಹಾಡಬಾರದು, ಅದಕ್ಕೆ ಈ ಉಸುಕು. ಸ್ಪೀಕರ್ ಮತ್ತು ತಗಡಿನ ನಡುವೆ ನಾಲ್ಕು ಮೂಲೆಗೆ ಸೈಕಲ್ ಟ್ಯೂಬಿನ ತುಂಡು ಇಟ್ಟಿದ್ದೇನೆ. ಜಾರುವುದಿಲ್ಲ, ಅದುರುವುದೂ ಇಲ್ಲ.

ಆಮೇಲೆ ಗಾದಿ. ಹತ್ತಿ ಊರಲ್ಲಿದ್ದು ಕೋಣೆಗೆ ಹಾಕುವ ಫೋಮನ್ನು ಬೇರೆ ಊರಿನಿಂದ ತರಿಸುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಪಿಂಜಾರರ ಹತ್ತಿರ ಹತ್ತಿ ಹಿಂಜಿಸಿ, ಐದು ಇಂಚು ದಪ್ಪದ ಎರಡು ಗಾದಿ ಹೊಲಿಸಿದೆ. ಕೇಳುವಾಗ ನನ್ನ ಬೆನ್ನ ಹಿಂದಿನ ಗೋಡೆಗೆ ಅವನ್ನು ನಿಲ್ಲಿಸುತ್ತೇನೆ. ಗೋಡೆಗೆ ಅಂಟಿಸಿ ಅಲ್ಲ, ಒಂದು ಗೇಣು ಬಿಟ್ಟು. ಹಾಗೆ ಬಿಟ್ಟರೆ ಇನ್ನೂ ಕೆಳಗಿನ ಸ್ವರಗಳನ್ನು ಹಿಡಿಯುತ್ತದೆ. ಕೌದಿ ತೂಗುಹಾಕಿಯೂ ನೋಡಿದೆ. ತೆಳು ಬಟ್ಟೆ ಮೇಲಿನ ಸ್ವರವನ್ನಷ್ಟೇ ಹೀರಿಕೊಳ್ಳುತ್ತದೆ, ನಡುವಿನ ಗದ್ದಲ ಹಾಗೇ ಉಳಿಯುತ್ತದೆ, ದನಿ ಮಂಕಾಗುತ್ತದೆ. ಸ್ಪೀಕರಿಗೂ ನನಗೂ ನಡುವೆ ನೆಲಕ್ಕೆ ನವಲಗುಂದದ ಜಮಖಾನ. ಗಾದಿಯಿಂದ 56ರ ಕಾಟ ಹೋಗುವುದಿಲ್ಲ, ಅಷ್ಟು ಉದ್ದದ ತರಂಗಕ್ಕೆ ಐದು ಇಂಚು ಹತ್ತಿ ಯಾವ ಲೆಕ್ಕಕ್ಕೂ ಇಲ್ಲ. ಅದಕ್ಕೆ ಮದ್ದು ಸ್ಪೀಕರ್ ಇಡುವ ಜಾಗ.

ಗಾಳಿ ತೂತು ಹಿಂದಿರುವುದರಿಂದ ಗೋಡೆಗೆ ಹತ್ತಿರವಾದಷ್ಟೂ ಬೇಸ್ ಉಬ್ಬುತ್ತದೆ. ಒಂದೊಂದೇ ಇಂಚು ಮುಂದೆ ಎಳೆಯುತ್ತಾ ಬಂದೆ. ಒಂದೂವರೆ ಅಡಿಗೆ ಬಂದಾಗ ತಬಲಾದ ಡಗ್ಗಾ ಸರಿಯಾಗಿ ಬಿಡಿಸಿಕೊಂಡಿತು: ಹೊಡೆತ ಬೇರೆ, ಅಂಗೈ ಒತ್ತಿ ಎಳೆಯುವ ಮೀಂಡ್ ಬೇರೆ. ಕೂರುವ ಜಾಗವೂ ಅಷ್ಟೇ ಮುಖ್ಯ. ಹಿಂದಿನ ಗೋಡೆಗೆ ಒರಗಿ ಕೂತರೆ ಬರೀ ಗುಂಯ್. ನಾಲ್ಕೂವರೆ ಅಡಿ ಮುಂದೆ ಬಂದು ಕೂರುತ್ತೇನೆ.

ಎಲ್ಲಾ ಹೊಂದಿಸಿದ ಮೇಲೆ ಜಂಬಲದಿನ್ನಿಯವರ ಒಂದು ವಚನ ಹಾಕಿದೆ. ಅವ್ವ ಬಾಗಿಲ ಹತ್ತಿರ ಅವರೆಕಾಯಿ ಬಿಡಿಸುತ್ತಿದ್ದಳು. ಅವಳಿಗೆ ಸ್ಪೀಕರ್ ಗೊತ್ತಿಲ್ಲ, ವಚನ ಬಾಯಿಪಾಠ. "ಈಗ ಮಾತು ಬಿಡಿ ಬಿಡಿ ತಿಳೀತಾವ ನೋಡು. ಮೊದ್ಲ ನಾನೇ ಮನಸ್ಸಿನ್ಯಾಗ ತುಂಬ್ಕೋತಿದ್ದೆ" ಅಂದಳು. ಸ್ಪೀಕರ್ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಈ ಮಾತು ನನಗೆ ಹೆಚ್ಚು.

ಆಂಪ್ಲಿಫೈಯರ್ ಬದಲಿಸಿಲ್ಲ. 45 ವಾಟಿನ ಹಳೆಯದೇ ಇದೆ. ವಾಟ್ ಎರಡರಷ್ಟು ಮಾಡಿದರೂ ಸಿಗುವುದು ಬರೀ 3 ಡೆಸಿಬಲ್. ಈ ಕೋಣೆಯಲ್ಲಿ ರಾತ್ರಿ ಹೊತ್ತು ಒಂದೆರಡು ವಾಟ್ ಸಾಕಾಗುತ್ತದೆ. ಕೈಯಲ್ಲಿ ದುಡ್ಡು ಇಷ್ಟೇ ಇದೆ ಅಂದರೆ ಮೊದಲು ಸ್ಪೀಕರ್, ಆಮೇಲೆ ಕೋಣೆ, ಕೊನೆಗೆ ಆಂಪ್ಲಿಫೈಯರ್. ವೈರಿಗೆ ಸಾವಿರಗಟ್ಟಲೆ ಸುರಿಯಬೇಡಿ. ಎಲೆಕ್ಟ್ರಿಕ್ ಅಂಗಡಿಯ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಹತ್ತು-ಹದಿನೈದು ಅಡಿಗೆ ಧಾರಾಳವಾಗಿ ಸಾಕು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಸೇರಿಸಿ. ಒಂದು ಕಡೆ ಅದಲುಬದಲಾದರೆ ಬೇಸ್ ಮಾಯವಾಗಿ ಹಾಡುವವರು ಎಲ್ಲಿದ್ದಾರೆ ಅಂತಲೇ ತಿಳಿಯುವುದಿಲ್ಲ. ಕರೆಂಟ್ ಹೋದಾಗ ಇನ್ವರ್ಟರಿನ ಮೇಲೆ ಕೇಳುವವರು ಸೈನ್ ವೇವ್ ಇನ್ವರ್ಟರನ್ನೇ ಇಟ್ಟುಕೊಳ್ಳಿ. ಸ್ಕ್ವೇರ್ ವೇವ್ ಇದ್ದರೆ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಜುಂಯ್ ಅನ್ನುತ್ತದೆ.

ಬೇಸಿಗೆಯ ಮಾತು ಹೇಳದಿದ್ದರೆ ರಾಯಚೂರಿನವನು ಬರೆದ ವಿಮರ್ಶೆ ಆಗುವುದಿಲ್ಲ. ಏಪ್ರಿಲ್, ಮೇನಲ್ಲಿ ಕೂಲರ್ ಹಾಕಿಕೊಂಡು ತಂಬೂರಿ ಕೇಳುತ್ತೇನೆ ಅಂದರೆ ಆಗದ ಮಾತು. ಕೂಲರಿನ ಭೋರ್ ಸದ್ದು ಎಂಥ ಸ್ಪೀಕರನ್ನೂ ನುಂಗಿಹಾಕುತ್ತದೆ. ಆ ಎರಡು ತಿಂಗಳು ನಾನು ಬೆಳಗಿನ ಜಾವ ಕೇಳುತ್ತೇನೆ. ಫ್ಯಾನು ಎರಡನೇ ನಂಬರಿಗೆ, ಕಿಟಕಿ ತೆರೆದು.

ಧೂಳಿಗೆ ಹಳೇ ಪಂಚೆ ಹೊಲಿಸಿ ಗವಸು ಮಾಡಿಸಿದ್ದೇನೆ. ಕೇಳದ ಹೊತ್ತಿನಲ್ಲಿ ಅದು ಹಾಕಿಯೇ ಇರುತ್ತದೆ, ಹಿಂದಿನ ತೂತೂ ಮುಚ್ಚುತ್ತದೆ. ಟ್ವೀಟರಿನ ಬಟ್ಟೆ ಗುಮ್ಮಟವನ್ನು ಒದ್ದೆ ಅರಿವೆಯಿಂದ ಒರೆಸಲು ಯಾರಿಗೂ ಬಿಡಬೇಡಿ. ಮೆತ್ತನೆಯ ಬ್ರಷ್ಷಿನಿಂದ ಜಾಲರಿಯನ್ನಷ್ಟೇ ಕೊಡವಿದರೆ ಸಾಕು.

ಡಿಜೆ ಹಾಡು ಜೋರಾಗಿ ಹಾಕಿ ಕುಣಿಯುವ ಮನೆಯವರಿಗೆ 12.1 ಅಲ್ಲ, ಅದು ಸೋತುಬಿಡುತ್ತದೆ. ಹಾಲ್ ಹದಿನೈದು-ಇಪ್ಪತ್ತು ಅಡಿ ಇದ್ದವರು ಇದರ ಅಣ್ಣ 12.2 ನೋಡಿ. ಆರೂವರೆ ಇಂಚಿನ ವೂಫರ್, 50 ಹರ್ಟ್ಜ್‌ವರೆಗೆ ಇಳಿಯುತ್ತದೆ. ಆದರೆ ಡಬ್ಬಿಯೂ ದೊಡ್ಡದು. ಸ್ಟ್ಯಾಂಡ್ ಮಾಡಿಸುವವರು ಸ್ಪೀಕರ್ ಕೈಗೆ ಬಂದ ಮೇಲೆಯೇ ಮೇಲಿನ ತಗಡಿನ ಅಳತೆ ಕೊಡಿ, ಎತ್ತರವನ್ನೂ ನೀವು ಕೂರುವ ಜಾಗದಲ್ಲಿ ಕೂತು, ಟ್ವೀಟರಿನಿಂದ ಕಿವಿಗೆ ಟೇಪು ಹಿಡಿದು ಗುರುತು ಮಾಡಿಕೊಳ್ಳಿ.