ಪೊಲೀಸ್ ಫಾರ್ಮ್‌ನಲ್ಲಿ "ಕೇಸ್ ಇಲ್ಲ" ಅಂತ ಬರೆಸುವವರನ್ನು ನಂಬಬೇಡಿ

ಕಾನ್‌ಸ್ಟೇಬಲ್ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಿರುವವರು, ಅವರ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮ ಮೇಲೆ ಯಾವತ್ತಾದರೂ ಒಂದು ಕೇಸ್ ಆಗಿದ್ದರೆ, ಎಷ್ಟೇ ಸಣ್ಣದಿರಲಿ, ರಾಜಿಯಾಗಿ ಮುಗಿದೇ ಹೋಗಿರಲಿ, ಆಯ್ಕೆ ಆದ ಮೇಲೆ ಪೊಲೀಸ್ ಪರಿಶೀಲನೆಗೆ ತುಂಬಿಸುವ ಫಾರ್ಮ್‌ನಲ್ಲಿ "ಇಲ್ಲ" ಅಂತ ಬರೆಯಬೇಡಿ. ಯಾರು ಹೇಳಿದರೂ ಬರೆಯಬೇಡಿ. ನನ್ನ ತಮ್ಮನಿಂದ ಹಾಗೆ ಬರೆಸಿದರು. ಬರೆಸಿದ್ದು ಮಂಗಳೂರಿನ ಒಂದು ತರಬೇತಿ ಕೇಂದ್ರದವರು. ಈಗ ನೇಮಕಾತಿ ಆದೇಶ ಬರಬೇಕಾಗಿದ್ದ ಮನೆಗೆ ಕಾರಣ ಕೇಳಿ ನೋಟಿಸ್ ಬಂದಿದೆ.

ಕೇಂದ್ರದ ಹೆಸರು ಹಾಕುವುದಿಲ್ಲ. ತಮ್ಮನ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ, ಹೆಸರು ಹಾಕಬೇಡಿ ಅಂತ ವಕೀಲರು ಹೇಳಿದ್ದಾರೆ. ಆದರೆ ಅವರು ಹೇಗೆ ಮಾತಾಡುತ್ತಾರೆ ಅಂತ ಪೂರ್ತಿ ಬರೆಯುತ್ತೇನೆ. ಅದೇ ಮಾತು ನಿಮ್ಮ ಕಿವಿಗೂ ಬಿದ್ದರೆ ಗುರುತು ಸಿಗಲಿ.

ನಮ್ಮದು ಕಾಪು ಕಡೆ. ಅಪ್ಪ ಇಲ್ಲ. ಅಮ್ಮ ಬೀಡಿ ಕಟ್ಟುತ್ತಾರೆ, ನಾನು ಸೊಸೈಟಿಯಲ್ಲಿ ಕೆಲಸಕ್ಕಿದ್ದೇನೆ. ನಮ್ಮ ಕರಾವಳಿಯ ಹುಡುಗರು ಪೊಲೀಸ್ ಕೆಲಸಕ್ಕೆ ಹೋಗುವುದೇ ಕಡಿಮೆ ಅಂತ ಎಲ್ಲರಿಗೂ ಗೊತ್ತು. ಇಲ್ಲಿನ ಠಾಣೆಗಳಲ್ಲಿ ಉತ್ತರ ಕರ್ನಾಟಕದ ಕಡೆಯವರೇ ಜಾಸ್ತಿ. ನಮ್ಮವರಿಗೆ ಮುಂಬೈ, ದುಬೈ, ಹೋಟೆಲು, ಬ್ಯಾಂಕು. ಅಂಥದ್ದರಲ್ಲಿ ನನ್ನ ತಮ್ಮ ಪಿಯುಸಿಯಿಂದಲೇ ಪೊಲೀಸ್ ಆಗುತ್ತೇನೆ ಅಂತ ಹಠ ಹಿಡಿದವನು. ಕತ್ತಲಿರುವಾಗಲೇ ಎದ್ದು ಕಡಲ ಬದಿಯ ಮರಳಲ್ಲಿ ಓಡುತ್ತಿದ್ದ. 1600 ಮೀಟರ್ ಆರೂವರೆ ನಿಮಿಷದಲ್ಲಿ ಮುಗಿಸಬೇಕಲ್ವಾ, ಮರಳಲ್ಲಿ ಓಡಿದ ಕಾಲಿಗೆ ಅಜ್ಜರಕಾಡು ಮೈದಾನ ಏನೂ ಅಲ್ಲ ಅನ್ನುತ್ತಿದ್ದ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆ ಅದು. ರಾತ್ರಿ ಅಮ್ಮನ ಬೀಡಿ ಮೊರದ ಪಕ್ಕದಲ್ಲೇ ಕೂತು ಓದಿದ. ಪಾಸಾದ. ಅವನಿಗೆ ಯಾವ ಅಡ್ಡದಾರಿಯೂ ಬೇಕಿರಲಿಲ್ಲ ಅಂತ ಗೊತ್ತಾಗಲಿ ಅಂತ ಇಷ್ಟು ಬರೆದೆ.

ಅವನ ಮೇಲೆ ಒಂದು ಕೇಸ್ ಇತ್ತು. ಊರಿನ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯದಲ್ಲಿ ಒಂದು ರನೌಟ್ ವಿಷಯಕ್ಕೆ ಎರಡು ತಂಡದವರಿಗೆ ಗಲಾಟೆ ಆಗಿ, ದೂರಿನಲ್ಲಿ ಇವನ ಹೆಸರೂ ಸೇರಿತು. ಆಗ ಐಪಿಸಿ ಇದ್ದ ಕಾಲ. ಸೆಕ್ಷನ್ 341, 323, 504. ಅಡ್ಡಗಟ್ಟಿದ್ದು, ಕೈಯಲ್ಲಿ ಹೊಡೆದದ್ದು, ಬೈದದ್ದು. ಆಮೇಲೆ ಎರಡೂ ಕಡೆಯ ಹಿರಿಯರು ಕೂತು ಮಾತಾಡಿ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು. ದೂರು ಕೊಟ್ಟ ಹುಡುಗ ನಮ್ಮ ಮನೆಯ ಪೂಜೆಗೆ ಬಂದು ಊಟ ಮಾಡಿಕೊಂಡು ಹೋಗಿದ್ದಾನೆ. ಅಷ್ಟರ ಕೇಸ್ ಅದು.

ತರಬೇತಿಗೆ ಸೇರಿಸಿದ್ದು ಲಿಖಿತ ಪರೀಕ್ಷೆಗೆ ಅಂತ. ಪಾಠ ಪರವಾಗಿಲ್ಲ, ಅದರ ಬಗ್ಗೆ ನನ್ನ ತಕರಾರಿಲ್ಲ. ಆಯ್ಕೆ ಆದ ಮೇಲೆ ಅವರೇ ಫೋನ್ ಮಾಡಿದರು. "ಆರ್ಡರ್ ಕೈಗೆ ಸಿಗುವ ತನಕ ನಾವಿದ್ದೇವೆ, ಡಾಕ್ಯುಮೆಂಟ್ ಎಲ್ಲ ನಾವೇ ನೋಡ್ತೇವೆ, ಒಂದು ಅಕ್ಷರ ತಪ್ಪಿದ್ರೂ ಕೆಲಸ ಹೋಗ್ತದೆ" ಅಂತ ಹೆದರಿಸಿ ಕರೆದರು. ಅದಕ್ಕೆ ಬೇರೆಯೇ ಎರಡು ಸಾವಿರ ರೂಪಾಯಿ. ರಶೀದಿ ಇಲ್ಲ. ಕೇಳಿದರೆ "ನಮ್ಮ ಹುಡುಗ ಅಲ್ವಾ ಮೇಡಂ, ರಶೀದಿ ಎಂತಕ್ಕೆ" ಅಂದರು.

ಆ ದಿನ ನಾನೂ ಜೊತೆಗೆ ಹೋಗಿದ್ದೆ. ಕೋರ್ಟಿನ ರಾಜಿ ಆದೇಶದ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿದ್ದೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಈಗ ಅವರು "ಕೇಸ್ ಇರುವ ವಿಷಯವೇ ನಮಗೆ ಹೇಳಿಲ್ಲ" ಅನ್ನುತ್ತಿದ್ದಾರೆ. ಆದೇಶದ ಪ್ರತಿ ಅವರ ಮೇಜಿನ ಮೇಲಿತ್ತು. ನಾನೇ ಇಟ್ಟದ್ದು.

ಮೇಜಿನ ಮೇಲೆ ಇನ್ನೊಂದು ಇತ್ತು. ಲ್ಯಾಮಿನೇಷನ್ ಮಾಡಿಸಿದ ಒಂದು ಮಾದರಿ ಫಾರ್ಮ್. ಯಾರೋ ಹಿಂದಿನ ಬ್ಯಾಚಿನವರು ತುಂಬಿಸಿದ್ದು, ಹೆಸರು ವಿಳಾಸದ ಜಾಗಕ್ಕೆ ಬಿಳಿ ಹಚ್ಚಿ ಜೆರಾಕ್ಸ್ ತೆಗೆದದ್ದು. ಬಂಧನ ಆಗಿದೆಯಾ, ಕೇಸ್ ಇತ್ತಾ, ವಿಚಾರಣೆ ನಡೆದಿದೆಯಾ, ದಂಡ ಬಿದ್ದಿದೆಯಾ ಅಂತ ಸಾಲಾಗಿ ಕೇಳುವ ಕಡೆಯಲ್ಲಿ ಆ ಮಾದರಿಯಲ್ಲಿ ಇಲ್ಲ, ಇಲ್ಲ, ಇಲ್ಲ, ಇಲ್ಲ. ಮಕ್ಕಳು ಅದನ್ನು ಎದುರಿಗಿಟ್ಟುಕೊಂಡು ನೋಡಿ ನೋಡಿ ಬರೆಯುತ್ತಿದ್ದರು.

ನನ್ನ ತಮ್ಮ ಅಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿದ. "ಸರ್, ನಂದೊಂದು ಕೇಸ್ ಇತ್ತಲ್ವಾ, ಲೋಕ ಅದಾಲತ್‌ನಲ್ಲಿ ರಾಜಿ ಆದದ್ದು. ಇಲ್ಲಿ ಏನು ಬರೆಯಲಿ?" ಅಂತ ಕೇಳಿದ. ನಾನು ಆದೇಶವನ್ನು ಮುಂದೆ ಸರಿಸಿದೆ.

ಅವರು ಅದನ್ನು ಬಿಡಿಸಿ ಕೂಡ ನೋಡಲಿಲ್ಲ. "ರಾಜಿ ಆಯ್ತಲ್ಲ, ಮತ್ತೆ ಎಲ್ಲಿಯ ಕೇಸ್? ಇಲ್ಲ ಅಂತ ಬರಿ" ಅಂದರು. "ಹಾಕಿದರೆ ಒಳ್ಳೆಯದಲ್ವಾ ಸರ್, ಆದೇಶ ಉಂಟಲ್ಲ" ಅಂತ ನಾನು ಕೇಳಿದೆ. ಅದಕ್ಕೆ ನಕ್ಕರು. ಆ ನಗು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಮೇಡಂ, ನಾನು ಎಷ್ಟು ಬ್ಯಾಚ್ ಕಳಿಸಿದ್ದೇನೆ ಗೊತ್ತುಂಟಾ? ಹೌದು ಅಂತ ಬರೆದ್ರೆ ಫೈಲ್ ಅಲ್ಲೇ ಕೂರ್ತದೆ. ಉಳಿದವರು ಟ್ರೇನಿಂಗಿಗೆ ಹೋಗ್ತಾರೆ, ಇವ ಮನೆಯಲ್ಲಿ ಕೂರ್ತಾನೆ. ಆಗ ನನ್ನನ್ನು ಕೇಳ್ಬೇಡಿ." ಮತ್ತೆ ತಮ್ಮನ ಬೆನ್ನು ತಟ್ಟಿ ತುಳುವಿನಲ್ಲಿ "ದಾಲಾ ಆಪುಜಿ" ಅಂದರು, ಏನೂ ಆಗುವುದಿಲ್ಲ ಅಂತ. ಹುಡುಗ ಬರೆದ. ಅವನ ಜಾಗದಲ್ಲಿ ಯಾವ ಹುಡುಗ ಇದ್ದರೂ ಬರೆಯುತ್ತಿದ್ದ. ಎದುರಿಗಿದ್ದವರು ಅವನಿಗೆ ಪಾಠ ಹೇಳಿದ ಗುರುಗಳು.

ಸುಳ್ಳು ಮಾಹಿತಿ ಕೊಟ್ಟರೆ, ಮಾಹಿತಿ ಮುಚ್ಚಿಟ್ಟರೆ ಅನರ್ಹ ಮಾಡುತ್ತೇವೆ ಅಂತ ಅದೇ ಫಾರ್ಮ್‌ನಲ್ಲಿ ಅಚ್ಚಾಗಿದೆ. ಅದೇ ಹಾಳೆಯ ಮೇಲೆ ಕೈಯಿಟ್ಟುಕೊಂಡು ಇಷ್ಟೂ ಮಾತಾಡಿದರು.

ಆಮೇಲಿನದ್ದು ನೀವೇ ಊಹಿಸಬಹುದು. ಪರಿಶೀಲನೆಗೆ ಫೈಲ್ ನಮ್ಮ ಠಾಣೆಗೇ ಬಂತು. ಬರಲೇಬೇಕಲ್ವಾ? ಕೇಸ್ ಆದದ್ದೂ ಅದೇ ಠಾಣೆಯಲ್ಲಿ. ಈಗ ಎಫ್‌ಐಆರ್ ಎಲ್ಲ ಸಿಸಿಟಿಎನ್‌ಎಸ್ ಅಂತ ಕಂಪ್ಯೂಟರ್ ಜಾಲದಲ್ಲಿ ಇರುತ್ತದೆ, ಹೆಸರು ಹಾಕಿದರೆ ಬರುತ್ತದೆ. ಅದಿಲ್ಲದಿದ್ದರೂ ಅಲ್ಲಿಯವರಿಗೆ ಇವನ ಮುಖ ನೆನಪಿತ್ತು. ಅಲ್ಲಿದ್ದ ಎಎಸ್‌ಐ ಒಬ್ಬರು ಒಳ್ಳೆಯ ಮಾತಿನಲ್ಲೇ ಕೇಳಿದರು, "ಎಂತ ಮಾರಾಯ ಇದು? ಬರೆದಿದ್ರೆ ನಾವು ಕೋರ್ಟಿನ ಆದೇಶ ಸೇರಿಸಿ, ರಾಜಿಯಾಗಿದೆ, ಬೇರೆ ಎಂತ ಇಲ್ಲ ಅಂತ ಕಳಿಸ್ತಿದ್ದೆವು. ಈಗ ನೀನು ಇಲ್ಲ ಅಂತ ಬರೆದದ್ದನ್ನೂ ಕಳಿಸ್ಬೇಕಲ್ಲ." ತಮ್ಮ ಮನೆಗೆ ಬಂದು ಬಾಗಿಲು ಹಾಕಿಕೊಂಡ. ಅಷ್ಟು ಹೊತ್ತಿಗೆ ಊರಿಗೆಲ್ಲ ಸಿಹಿ ಹಂಚಿ ಆಗಿತ್ತು. ಈಗಲೂ ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಿದವರು "ತಮ್ಮನಿಗೆ ಟ್ರೇನಿಂಗ್ ಯಾವಾಗ?" ಅಂತ ಕೇಳುತ್ತಾರೆ. ಏನು ಹೇಳುವುದು? ಅಮ್ಮ ದೇವಸ್ಥಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ.

ಈಗ ಅವರ ಉತ್ತರಗಳನ್ನು ಕೇಳಿ.

ನಾನು ಫೋನ್ ಮಾಡಿದೆ. ಮೊದಲು, "ಅದೆಲ್ಲ ಫಾರ್ಮಾಲಿಟಿ ಮೇಡಂ, ನೋಟಿಸ್ ಎಲ್ಲರಿಗೂ ಬರ್ತದೆ." ಎಲ್ಲರಿಗೂ ಬರುವುದಿಲ್ಲ, ಅದೇ ಬ್ಯಾಚಿನ ಬೇರೆ ಮಕ್ಕಳನ್ನು ವಿಚಾರಿಸಿದೆ. ಮತ್ತೆ ಫೋನ್ ಮಾಡಿದೆ. "2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹುಡುಗರ ತಪ್ಪು ಮನ್ನಿಸಬೇಕು ಅಂತ" ಎಂದು ಒಂದು ವಿಡಿಯೊ ವಾಟ್ಸಾಪ್‌ನಲ್ಲಿ ಕಳಿಸಿದರು. ನೋಟಿಸಿನ ಫೋಟೊ ಕಳಿಸಿ "ಸರ್, ನೀವೇ ಬರೆಸಿದ್ದಲ್ವಾ" ಅಂತ ಬರೆದೆ. ನೀಲಿ ಗೀಟು ಬಂತು, ಉತ್ತರ ಇಲ್ಲ. ಕೊನೆಗೆ ಬಂದ ಉತ್ತರ ಇದು: "ಸಹಿ ಹಾಕಿದ್ದು ನಿಮ್ಮ ತಮ್ಮ. ನಮ್ಮದು ಗೈಡೆನ್ಸ್ ಮಾತ್ರ. ಕೇಸ್ ವಿಷಯ ನಮಗೆ ತಿಳಿಸಿಲ್ಲ."

ತಿಳಿಸಿಲ್ಲವಂತೆ! ಬೆನ್ನು ತಟ್ಟಿದ ಮನುಷ್ಯ ಬರೆದ ಮಾತು ಇದು. ನಾನು ಆ ಮೆಸೇಜನ್ನು ಸೊಸೈಟಿಯ ಕೌಂಟರಿನಲ್ಲಿ ನಿಂತೇ ಓದಿದ್ದು. ಕೈ ನಡುಗಿ ಎಣಿಸುತ್ತಿದ್ದ ನೋಟು ಕೆಳಗೆ ಬಿತ್ತು. ನೋಟಿಸ್ ಬಂದಾಗಲೂ ನನಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ಎಲ್ಲೋ ಒಂದು ಕಡೆ ಇವರು ನಮ್ಮ ಪರ ನಿಲ್ಲುತ್ತಾರೆ, ಹೌದು ನಾವೇ ಹೇಳಿದ್ದು ಅಂತ ಒಂದು ಕಾಗದ ಬರೆದುಕೊಡುತ್ತಾರೆ ಅಂತ ಅಂದುಕೊಂಡಿದ್ದೆ. ಒಂದು ಕಾಗದ. ಅಷ್ಟೇ ಕೇಳಿದ್ದು ನಾನು.

ಇನ್ನೂ ಉಂಟು. ಕಾಗದ ಕೇಳಲು ನೇರವಾಗಿ ಹೋದಾಗ ಅಲ್ಲಿಯ ಇನ್ನೊಬ್ಬರು ಮೆಟ್ಟಿಲಿನ ತನಕ ಹಿಂದೆ ಬಂದು, "ಬೆಂಗಳೂರಲ್ಲಿ ನಮಗೆ ಗೊತ್ತಿದ್ದವರಿದ್ದಾರೆ, ಒಂದು ಲಕ್ಷ ಆಗ್ಬಹುದು, ಸರಿ ಮಾಡ್ತಾರೆ" ಅಂದರು. ನಮ್ಮ ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಏನಾಯಿತು ಅಂತ ಇವರಿಗೆ ಗೊತ್ತಿಲ್ಲವಾ? 2021ರ ಅಕ್ಟೋಬರಿನಲ್ಲಿ ಪರೀಕ್ಷೆ, ಅಕ್ರಮ ಹೊರಗೆ ಬಂದು 2022ರಲ್ಲಿ ರದ್ದು. ದುಡ್ಡು ಕೊಟ್ಟವರು ಜೈಲಿಗೆ ಹೋದರು, ಕಷ್ಟಪಟ್ಟು ಓದಿದವರೂ ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಸುಳ್ಳು ಬರೆಸಿದವರೇ ಈಗ ಅದನ್ನು ಮುಚ್ಚಲು ಲಂಚ ಕೊಡಿ ಅನ್ನುತ್ತಾರೆ. ನಾನು ಏನೂ ಮಾತಾಡದೆ ಇಳಿದು ಬಂದೆ. ಕೆಳಗೆ ಅವರ ಫ್ಲೆಕ್ಸ್‌ನಲ್ಲಿ "ನಮ್ಮ ಸಾಧಕರು" ಅಂತ ನನ್ನ ತಮ್ಮನ ಫೋಟೊ ಇನ್ನೂ ಇದೆ. ಅವನ ಪರವಾಗಿ ಒಂದು ಸಾಲು ಬರೆಯಲು ಆಗುವುದಿಲ್ಲ, ಹೊಸ ಮಕ್ಕಳನ್ನು ಸೇರಿಸಿಕೊಳ್ಳಲು ಅವನ ಮುಖ ಬೇಕು. ತೆಗೆಯಿರಿ ಅಂತ ಹೇಳಿ ಬಂದೆ, ತೆಗೆದಿಲ್ಲ.

ವಕೀಲರ ಹತ್ತಿರ ಹೋದ ಮೇಲೆ ತಿಳಿದದ್ದನ್ನು ಬರೆಯುತ್ತೇನೆ, ಇದು ಮುಖ್ಯ. ರಾಜಿಯಾದರೆ ಕಾನೂನಿನ ಲೆಕ್ಕದಲ್ಲಿ ಖುಲಾಸೆ ಆದ ಹಾಗೆಯೇ. ಅದು ನಿಜ. ಆದರೆ ಫಾರ್ಮ್ ಕೇಳುವುದು ಈಗ ಕೇಸ್ ಉಂಟಾ ಅಂತ ಮಾತ್ರ ಅಲ್ಲ, ಹಿಂದೆ ಯಾವತ್ತಾದರೂ ಇತ್ತಾ ಅಂತಲೂ ಕೇಳುತ್ತದೆ. ಅದಕ್ಕೆ ಇಲ್ಲ ಅಂತ ಬರೆದರೆ ಅದು ಮುಚ್ಚಿಟ್ಟ ಹಾಗೆ. ಅವರು ಕಳಿಸಿದ ವಿಡಿಯೊದಲ್ಲಿದ್ದ 2011ರ ತೀರ್ಪು ದೆಹಲಿ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಹುದ್ದೆಯದ್ದು, ಅದೂ ನಿಜವೇ. ಆದರೆ ಬೇರೆ ಬೇರೆ ತೀರ್ಪುಗಳಲ್ಲಿ ಬೇರೆ ಬೇರೆ ಮಾತು ಇದ್ದುದರಿಂದ 2016ರ ಜುಲೈಯಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಎಲ್ಲವನ್ನೂ ಸೇರಿಸಿ ನಿಯಮ ಹಾಕಿತು. ಕೇಸ್, ಬಂಧನ, ಶಿಕ್ಷೆ, ಖುಲಾಸೆ ಯಾವುದೇ ಇರಲಿ, ಕೇಳಿದ ಮಾಹಿತಿ ಸರಿಯಾಗಿ ಕೊಡಬೇಕು, ಮುಚ್ಚಿಡಬಾರದು. ಚಿಕ್ಕ ವಯಸ್ಸಿನ ಸಣ್ಣಪುಟ್ಟ ಪ್ರಕರಣ ಆದರೆ, ಮುಚ್ಚಿಟ್ಟದ್ದನ್ನೂ ಇಲಾಖೆ ತನ್ನ ವಿವೇಚನೆಯಿಂದ ಮನ್ನಿಸಬಹುದು. ಮನ್ನಿಸಬಹುದು, ಅಷ್ಟೇ. ಮನ್ನಿಸಲೇಬೇಕು ಅಂತ ಇಲ್ಲ. ನಮ್ಮ ಮನೆ ಈಗ ನಿಂತಿರುವುದು ಆ ಒಂದು ಮಾತಿನ ಮೇಲೆ.

ನಿಜ ಬರೆದರೆ ಕೆಲಸ ಸಿಕ್ಕೇ ಸಿಗುತ್ತದೆ ಅಂತಲೂ ಇಲ್ಲ. ಬರೆದವರ ಪೂರ್ವಾಪರ ನೋಡಿ ತೀರ್ಮಾನಿಸುವ ಹಕ್ಕು ಇಲಾಖೆಗೆ ಇದೆ ಅಂತ ಅದೇ ತೀರ್ಪು ಹೇಳುತ್ತದೆ. ಆದರೆ ಆಗ ನೋಡುವುದು ಆ ಗಲಾಟೆ ಎಷ್ಟು ದೊಡ್ಡದು ಅಂತ. ಈಗ ನೋಡುತ್ತಿರುವುದು ನನ್ನ ತಮ್ಮ ಸುಳ್ಳುಗಾರನಾ ಅಂತ. ನಾಳೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದ ಕೆಲಸ ಅದು, ಕೇಳಿಯೇ ಕೇಳುತ್ತಾರೆ. ರನೌಟ್ ಜಗಳಕ್ಕೆ ನಾವು ಉತ್ತರ ಕೊಡುತ್ತಿದ್ದೆವು. ಇದಕ್ಕೆ ಏನು ಉತ್ತರ ಕೊಡುವುದು?

ಹಾಗಾಗಿ ನನ್ನ ಮಾತು ಇಷ್ಟೇ. ಮಾದರಿ ಫಾರ್ಮ್ ನೋಡಿ ಬರೆಯಬೇಡಿ. ಕೇಸ್ ಇದ್ದರೆ ಇತ್ತು ಅಂತ ಬರೆಯಿರಿ, ಕ್ರೈಂ ನಂಬರ್, ಸೆಕ್ಷನ್, ಹೇಗೆ ಮುಗಿಯಿತು ಎಲ್ಲ ಹಾಕಿ, ಕೋರ್ಟಿನ ಸರ್ಟಿಫೈಡ್ ಕಾಪಿ ಜೊತೆಗಿಡಿ. ಬಿ ರಿಪೋರ್ಟ್ ಆದದ್ದು (ಸಾಕ್ಷಿ ಇಲ್ಲ ಅಂತ ಪೊಲೀಸರೇ ಕೇಸ್ ಮುಗಿಸಿದ್ದು), ದಂಡ ಕಟ್ಟಿ ಮುಗಿದದ್ದು, ಮುಚ್ಚಳಿಕೆ ಬರೆದುಕೊಟ್ಟದ್ದು ಇದ್ದರೂ ಪ್ರಶ್ನೆಯನ್ನು ಸರಿಯಾಗಿ ಓದಿ, ಕೇಳಿದ್ದರೆ ಬರೆಯಿರಿ. ಗೊತ್ತಾಗದಿದ್ದರೆ ವಕೀಲರನ್ನು ಕೇಳಿ, ಕ್ಲಾಸಿನವರನ್ನು ಕೇಳಬೇಡಿ. 18 ತುಂಬುವ ಮೊದಲು ಆದ ಕೇಸಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಬೇರೆಯೇ ರಕ್ಷಣೆ ಉಂಟು, ಅದನ್ನೂ ವಕೀಲರ ಹತ್ತಿರವೇ ಮಾತಾಡಿ. ನನ್ನ ತಮ್ಮನಿಗೆ ಆಗ 18 ದಾಟಿತ್ತು. ತುಂಬಿಸಿದ ಫಾರ್ಮ್‌ನ ಫೋಟೊ ತೆಗೆದಿಟ್ಟುಕೊಳ್ಳಿ. ಏನು ಹೇಳುವುದಿದ್ದರೂ ವಾಟ್ಸಾಪ್‌ನಲ್ಲಿ ಬರೆದು ಹೇಳಿ ಅಂತ ಆ ಸರ್‌ಗಳಿಗೆ ಹೇಳಿ. ಬರೆದು ಹೇಳುವುದಿಲ್ಲ, ನೋಡಿ ಬೇಕಾದರೆ.

ನೋಟಿಸಿಗೆ ಉತ್ತರ ಕೊಟ್ಟಾಗಿದೆ. ಇದ್ದದ್ದು ಇದ್ದ ಹಾಗೆ ಬರೆದು, ರಾಜಿ ಆದೇಶ ಲಗತ್ತಿಸಿ ಕಳಿಸಿದ್ದೇವೆ. ಇಲಾಖೆಯ ತೀರ್ಮಾನ ಬಂದಿಲ್ಲ. ವಿರುದ್ಧ ಬಂದರೆ ಬೆಂಗಳೂರಿನ ಆಡಳಿತ ನ್ಯಾಯಮಂಡಳಿಗೆ ಹೋಗಬೇಕು, ಆ ಖರ್ಚು ಬೇರೆ.

ಇಷ್ಟೆಲ್ಲ ಬರೆಯಲು ಕಾರಣ, ಆ ಲ್ಯಾಮಿನೇಷನ್ ಮಾಡಿದ ಹಾಳೆ ಇನ್ನೂ ಆ ಮೇಜಿನ ಮೇಲೆಯೇ ಇರಬಹುದು. ಅದನ್ನು ನೋಡಿ ಬರೆದವರಲ್ಲಿ ಹಳೆಯ ಕೇಸ್ ಇದ್ದವರು ಬೇರೆಯವರೂ ಇದ್ದಾರೆ ಅಂತ ತಮ್ಮನೇ ಹೇಳುತ್ತಾನೆ, ಮೊಸರು ಕುಡಿಕೆ ದಿನದ ತಳ್ಳಾಟದ್ದು, ಕಾಲೇಜಿನ ಮುಷ್ಕರದ್ದು. ನೀವು ಅವರಲ್ಲಿ ಒಬ್ಬರಾಗಿದ್ದರೆ, ಪರಿಶೀಲನೆ ಇನ್ನೂ ಆಗಿಲ್ಲದಿದ್ದರೆ, ಠಾಣೆಯವರು ಕಂಡುಹಿಡಿಯುವ ತನಕ ಕಾಯಬೇಡಿ. ನಾಳೆಯೇ ನೇಮಕಾತಿ ಕಚೇರಿಗೆ ಲಿಖಿತವಾಗಿ ತಿಳಿಸಿ, ಆದೇಶದ ಪ್ರತಿ ಕೊಡಿ, ಕೊಟ್ಟದ್ದಕ್ಕೆ ಸೀಲು ಸಹಿ ತೆಗೆದುಕೊಳ್ಳಿ. ಕ್ಲಾಸಿಗೆ ಫೋನ್ ಮಾಡಿ ಕೇಳಲು ಹೋಗಬೇಡಿ, ಏನೂ ಆಗುವುದಿಲ್ಲ ಅಂತಲೇ ಹೇಳುತ್ತಾರೆ.