ಪಿಎಸ್4 ಕೊಳ್ಳುವ ಮುಂಚೆ ಇದನ್ನು ಓದಿ, ನಾನು ಮೋಸ ಹೋಗಿದ್ದೇನೆ

ಮೊನ್ನೆ ಅದೇ ಅಂಗಡಿಯ ಮುಂದೆ ಹಾದುಹೋದೆ. ಶೋಕೇಸಿನಲ್ಲಿ ಇನ್ನೂ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4, ಟಿವಿಗೆ ಜೋಡಿಸಿ ಗೇಮ್ ಆಡುವ ಮೆಷಿನ್) ಇಟ್ಟಿದ್ದಾನೆ. 'ಎಲ್ಲಾ ಹೊಸ ಗೇಮ್ ಬರುತ್ತೆ' ಅಂತ ಚೀಟಿ ಬೇರೆ. ನೋಡಿ ಮೈ ಉರಿದುಹೋಯಿತು. ಅದಕ್ಕೇ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

2023ರ ಸೆಪ್ಟೆಂಬರ್‌ನಲ್ಲಿ ತಮ್ಮನಿಗೋಸ್ಕರ ಅಲ್ಲಿ ಸೆಕೆಂಡ್ ಹ್ಯಾಂಡ್ ಪಿಎಸ್4 ಸ್ಲಿಮ್ ತಗೊಂಡೆ. 21 ಸಾವಿರ ಕೊಟ್ಟೆ. ಅವನಿಗೆ ಬೇಕಿದ್ದದ್ದು ಒಂದೇ ಗೇಮ್, ಅಕ್ಟೋಬರ್ 20ಕ್ಕೆ ಬರಲಿದ್ದ 'ಸ್ಪೈಡರ್‌ಮ್ಯಾನ್ 2'. ಇದರಲ್ಲಿ ಬರುತ್ತೆ ತಾನೇ ಅಂತ ಎರಡೆರಡು ಸಲ ಕೇಳಿದ್ದೆ. ಎರಡು ಸಲ!

"ಬರದೆ ಎಲ್ಲಿ ಹೋಗುತ್ತೆ ಸರ್?" ಅಂದ. 'ಗ್ರ್ಯಾನ್ ಟುರಿಸ್ಮೊ 7', 'ಗಾಡ್ ಆಫ್ ವಾರ್ ರಾಗ್ನರಾಕ್' ಡಿಸ್ಕ್ ತೆಗೆದು ಮುಂದಿಟ್ಟ. ಎರಡೂ 2022ರವು, ಎರಡರ ಮೇಲೂ ಪಿಎಸ್4 ಅಂತ ಇತ್ತು. ಅದು ನಿಜವೇ. ಅದರ ಮುಂದಿನ ಮೆಷಿನ್ ಪಿಎಸ್5 ಇಲ್ಲಿಗೆ 2021ರ ಫೆಬ್ರುವರಿಯಲ್ಲೇ ಬಂದಿದ್ದರೂ ಹಳೆಯದಕ್ಕೆ ದೊಡ್ಡ ಗೇಮ್‌ಗಳು ಬರುತ್ತಲೇ ಇದ್ದವು. ಅದಕ್ಕೇ ನಂಬಿದೆ.

ಗೇಮ್ ಬಂದ ದಿನ ತಮ್ಮ ಪಿಎಸ್4ನ ಆನ್‌ಲೈನ್ ಸ್ಟೋರ್‌ನಲ್ಲಿ ಹುಡುಕಿದ. ಮೊದಲನೇ ಸ್ಪೈಡರ್‌ಮ್ಯಾನ್ ಇದೆ, 'ಮೈಲ್ಸ್ ಮೊರಾಲೆಸ್' ಇದೆ, ಇದು ಇಲ್ಲ. ಸ್ಪೆಲಿಂಗ್ ತಪ್ಪಿರಬೇಕು ಅಂತ ನಾನೂ ಟೈಪ್ ಮಾಡಿದೆ. ಕೊನೆಗೆ ಫೋನಿನಲ್ಲಿ ನೋಡಿದರೆ, ಪಿಎಸ್5 ಮಾತ್ರ. ತಮ್ಮ ಏನೂ ಅನ್ನಲಿಲ್ಲ. ಕಂಟ್ರೋಲರ್ ಕೆಳಗಿಟ್ಟು ಎದ್ದುಹೋದ. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ಅಂಗಡಿಗೆ ಫೋನ್ ಮಾಡಿದೆ. "ಅಪ್‌ಡೇಟ್ ಬಂದ ಮೇಲೆ ಬರುತ್ತೆ, ಕಾಯಿರಿ." ಒಂದು ವಾರ ಬಿಟ್ಟು ಖುದ್ದಾಗಿ ಹೋದೆ. "ಅದು ಕಂಪನಿ ತೀರ್ಮಾನ, ನಾವೇನ್ ಮಾಡೋಕಾಗುತ್ತೆ?" ವಾಪಸ್ ತಗೊಳ್ಳಿ ಅಂದೆ. "9 ಸಾವಿರ ಕೊಡ್ತೀನಿ. ಬರುತ್ತೆ ಅಂತ ಬರೆದುಕೊಟ್ಟಿದ್ದೀನಾ?" ಒಂದೂವರೆ ತಿಂಗಳಿಗೆ 12 ಸಾವಿರ ಹೋಯಿತು, ಅಲ್ವಾ? ಮೆಷಿನ್ ಕೊಡದೆ ಸುಮ್ನೆ ಬಂದೆ.

ಗೇಮ್ ಕನ್ಸೋಲ್ ಮಾಡುವವರ ಮೇಲೂ ನನಗೆ ಬೇಸರವಿದೆ. ಹೊಸ ಮೆಷಿನ್‌ಗೆ ಹೋಗಬೇಡಿ ಅಂತ ಯಾರು ಹೇಳಿದರು? ಪಿಎಸ್4 ಬಂದದ್ದು 2013ರಲ್ಲಿ, ಅದರ ನಿಧಾನದ ಹಾರ್ಡ್ ಡಿಸ್ಕ್ ಹೊಸ ಗೇಮ್‌ಗಳ ಭಾರ ಎಷ್ಟು ದಿನ ಹೊರುತ್ತೆ? ಆದರೆ ಅದು ಮಾರಾಟವಾಗಿರುವುದು 11 ಕೋಟಿಗೂ ಜಾಸ್ತಿ. ಅಷ್ಟು ಜನಕ್ಕೆ 'ಇಂಥ ದಿನದಿಂದ ನಮ್ಮ ಹೊಸ ಗೇಮ್ ಇದಕ್ಕಿಲ್ಲ' ಅಂತ ಒಂದು ವರ್ಷ ಮೊದಲೇ ಹೇಳಬೇಕು. 'ಹೊರೈಜನ್ ಫಾರ್ಬಿಡನ್ ವೆಸ್ಟ್' ಪಿಎಸ್4ಗೂ ಬಂತು. ಅದರ ಮುಂದಿನ ಕಥೆ 'ಬರ್ನಿಂಗ್ ಶೋರ್ಸ್' 2023ರಲ್ಲಿ ಪಿಎಸ್5ಗೆ ಮಾತ್ರ. ಕಥೆಯನ್ನೇ ಎರಡು ತುಂಡು ಮಾಡಿದರೆ ಕೊಳ್ಳುವವನಿಗೆ ಏನು ತಿಳಿಯಬೇಕು? ಈ ಗೊಂದಲದಲ್ಲೇ ಇಂಥ ಅಂಗಡಿಗಳು ಬದುಕುತ್ತಿವೆ.

ಈಗ ಎಲ್ಲರೂ 'ಜಿಟಿಎ 6' ಕೇಳುತ್ತಿದ್ದಾರೆ. ಅದು ಘೋಷಣೆಯಾಗಿರುವುದು ಪಿಎಸ್5 ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಮೆಷಿನ್‌ಗಳಿಗೆ. ಪಿಎಸ್4ನಲ್ಲಿ ಬರುತ್ತೆ ಅಂತ ಯಾರಾದರೂ ಹೇಳಿದರೆ, ಬಿಲ್ ಮೇಲೆ ಬರೆದುಕೊಡಿ ಅನ್ನಿ. ಬರೆಯಲ್ಲ ಅಂದರೆ ದುಡ್ಡು ಜೇಬಿನಿಂದ ತೆಗೆಯಬೇಡಿ.