ಬಾಗಿದ ಬಾಕ್ಸ್‌ವುಡ್, ನೆಟ್ಟಗಿನ ಕೋಕಸ್: ನಾನು ಊದುತ್ತಿರುವುದು ಯಾವುದನ್ನು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮನಸ್ಸು ಬಾಕ್ಸ್‌ವುಡ್ ಮರದ ಕೊಳಲಿನ ಕಡೆಗೆ ವಾಲಿದೆ. ನೂರು ವರ್ಷ ದಾಟಿದ ಮೂರು ಮರದ ವಾದ್ಯ ಕೊಂಡೆ: ಬಾಕ್ಸ್‌ವುಡ್‌ನ ನಾಲ್ಕು ಕೀಗಳ (ರಂಧ್ರ ಮುಚ್ಚಿ ತೆರೆಯುವ ಲೋಹದ ಸನ್ನೆಗಳ) ಪಾಶ್ಚಾತ್ಯ ಕೊಳಲು, ಕೋಕಸ್ ಮರದ ಎಂಟು ಕೀಗಳ ಕೊಳಲು, ಗ್ರೆನಡಿಲ್ಲಾ ಮರದ ಒಂದು ಕ್ಲಾರಿನೆಟ್. ಮೂರರಲ್ಲಿ ಅತಿ ಅಗ್ಗದ್ದೂ ಸೊಟ್ಟದ್ದೂ ಬಾಕ್ಸ್‌ವುಡ್ಡೇ.

ಕೋಕಸ್ ನೋಡಲು ರಾಜಗಾಂಭೀರ್ಯ. ಗಾಢ ಕಂದು ಮರ, ಬೆಳ್ಳಿ ಕೀ, ಫಳಫಳ ಹೊಳಪು. ತಲೆಭಾಗದ ಒಂದು ತುದಿಯನ್ನೂ ಊದುರಂಧ್ರವನ್ನೂ ಮುಚ್ಚಿ ಇನ್ನೊಂದು ತುದಿಯಿಂದ ಗಾಳಿ ಹೀರಿದೆ. ತುಟಿ ಕಚ್ಚಿ ಹಿಡಿಯಿತು. ಸೋರಿಕೆಯಿಲ್ಲ ಎಂದು ಖುಷಿಯಾಗಿ ದುಡ್ಡು ಎಣಿಸಿದೆ.

ಎಡವಿದ್ದು ಅಲ್ಲೇ. ಈ ಬಗೆಯ ಕೊಳಲಿನ ತಲೆಯೊಳಗೆ ಶ್ರುತಿ ಹೊಂದಿಸುವ ಸ್ಲೈಡಿಗಾಗಿ ಲೋಹದ ಕೊಳವೆ ಇರುತ್ತದೆ. ಮರ ಬಿರಿದಿದ್ದರೂ ಗಾಳಿಯನ್ನು ಆ ಕೊಳವೆಯೇ ತಡೆಹಿಡಿಯುತ್ತದೆ. ನಾನು ಪರೀಕ್ಷಿಸಿದ್ದು ಮರವನ್ನಲ್ಲ, ಲೋಹವನ್ನು. ಮೂರು ವಾರ ಒಣಹವೆ ಬೀಸಿದ ಮೇಲೆ ತಲೆಯ ಹಿಂಬದಿಯಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಮರದ ನರವಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆದರೆ ನರ ಅಲ್ಲಲ್ಲಿ ತುಂಡಾಗುತ್ತದೆ, ಇದು ಎಲ್ಲೂ ತುಂಡಾಗದೆ ತುದಿಯಿಂದ ಊದುರಂಧ್ರದ ಹತ್ತಿರದವರೆಗೂ ಓಡಿತ್ತು. ಗುಂಡುಸೂಜಿ ಆಡಿಸಿದರೆ ಮೊನೆಗೆ ಕಪ್ಪು ಮೇಣ ಮೆತ್ತಿಕೊಂಡು ಬಂತು. ಹಳೇ ಸೀಳಿಗೆ ಯಾರೋ ಮೇಣ ತುಂಬಿ ಪಾಲಿಷ್ ಹೊಡೆದಿದ್ದರು!

ಕಾರಣ ಸರಳ. ಒಣಗಿದಾಗ ಮರ ಅಡ್ಡಡ್ಡಲಾಗಿ ಕುಗ್ಗುತ್ತದೆ, ಒಳಗಿನ ಲೋಹ ಜಪ್ಪಯ್ಯ ಅಂದರೂ ಕುಗ್ಗುವುದಿಲ್ಲ. ಹಾಗಾಗಿ ಮರವೇ ಬಿರಿಯಬೇಕು. ರಿಪೇರಿಯೆಂದರೆ ಕೊಳವೆಯನ್ನು ಬಿಸಿಮಾಡಿ ಹೊರಗೆಳೆದು, ಮರದ ಒಳಮೈಯನ್ನು ಚೂರು ಹೆರೆದು, ಸೀಳಿಗೆ ಅಂಟು ಹಾಕಿ ಮತ್ತೆ ಕೂರಿಸಬೇಕು. ಎಳೆಯುವಾಗ ಊದುರಂಧ್ರದ ಅಂಚು ಮುಕ್ಕಾದರೆ ಕೊಳಲಿನ ಧ್ವನಿಯೇ ಹೋದಂತೆ. ರಿಪೇರಿ ಕೂಲಿ ಕೊಂಡ ಬೆಲೆಯ ಅರ್ಧ ದಾಟಿತು.

ಬಾಕ್ಸ್‌ವುಡ್ಡಿನದು ಬೇರೆ ಕಥೆ. ಮೇಜಿನ ಮೇಲೆ ಇಟ್ಟರೆ ನಡುವಿನ ಅಡಿಯಲ್ಲಿ ಕಿರುಬೆರಳು ತೂರುವಷ್ಟು ಬಾಗಿದೆ. ಹಳೇ ಬಾಕ್ಸ್‌ವುಡ್ ಬಾಗುವುದು ಮಾಮೂಲು. ಊದುವಾಗ ನನಗಂತೂ ಗೊತ್ತಾಗುವುದಿಲ್ಲ. ಒಳಗೆ ಲೋಹವಿಲ್ಲ, ಕುಗ್ಗುವಾಗ ಮರಕ್ಕೆ ಅಡ್ಡ ನಿಲ್ಲುವವರೂ ಇಲ್ಲ. ಹೀರಿ ನೋಡುವ ಪರೀಕ್ಷೆ ಇಲ್ಲಿ ಸುಳ್ಳು ಹೇಳುವುದಿಲ್ಲ. ದೋಷವಿಲ್ಲವೆಂದಲ್ಲ: ತುಂಡುಗಳನ್ನು ಜೋಡಿಸುವ ಕೀಲಿನ ಮೇಲೆ ಸುತ್ತಿದ ನೂಲನ್ನು ಹಿಂದಿನವರು ಬಿಗಿದೂ ಬಿಗಿದೂ ಒಳರಂಧ್ರ ಅಲ್ಲಿ ಸೊಂಟದಂತೆ ಸಣ್ಣಗಾಗಿದೆ. ನೂಲು ಬಿಚ್ಚಿ ಸಡಿಲವಾಗಿ ಸುತ್ತಿದೆ, ಕೆಳಗಿನ ಡಿ ಸ್ವರ ಇನ್ನೂ ಮಂಕು. ಜೋಡಣೆಯ ಜಾಗದಲ್ಲಿ ತೊಡಿಸಿದ ಬಳೆಗಳು ಕೊಂಬಿನವು, ದಂತದವಲ್ಲ. ಆಫ್ರಿಕದ ಆನೆದಂತದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ 1990ರಿಂದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತಾರಾಷ್ಟ್ರೀಯ ಒಪ್ಪಂದ) ನಿಷೇಧವಿದೆ. ದಂತದ ಬಳೆಯಿದ್ದರೆ ಗಡಿ ದಾಟಿಸಲು ಕಾಗದಪತ್ರಕ್ಕೆ ಅಲೆಯಬೇಕಿತ್ತು.

ಕ್ಲಾರಿನೆಟ್ಟಿನ ಬಗ್ಗೆ ಒಂದೇ ಮಾತು: ಸೀಳಿಲ್ಲ, ಪ್ಯಾಡ್ ಚೆನ್ನಾಗಿದೆ, ಆದರೆ ಹಿಂಬದಿಯ ‘ಎಚ್‌ಪಿ’ ಮುದ್ರೆ ನಾನು ನೋಡಿರಲಿಲ್ಲ. ಅಂದರೆ ಹೈ ಪಿಚ್, ಹಳೇ ಕಾಲದ ಏರುಶ್ರುತಿ: ಎ ಸ್ವರ ಸುಮಾರು 452 ಹರ್ಟ್ಸ್. ಇಂದಿನ 440ರ ಜೊತೆ ಯಾವ ಕಸರತ್ತು ಮಾಡಿದರೂ ಕೂಡದು. ಶ್ರುತಿ ಇಳಿಸಲು ಬ್ಯಾರೆಲ್ (ಬಾಯಿತುಂಡಿನ ಕೆಳಗಿನ ಗಿಡ್ಡ ತುಂಡು) ಹೊರಗೆಳೆದರೆ ಸ್ವರಗಳ ನಡುವಿನ ಅಂತರವೇ ಕೆಡುತ್ತದೆ. ಗಾಜಿನ ಕಪಾಟಿಗೆ ಸರಿ.

ನಾಲ್ಕು ಜನರ ಜೊತೆ ಜೋರಾಗಿ ನುಡಿಸುವವರಿಗೆ, ರಿಪೇರಿಗೆ ಕೈಯಲ್ಲಿ ಕಾಸಿರುವವರಿಗೆ ಕೋಕಸ್ಸೇ ಸರಿ. ಅದರ ಧ್ವನಿಯ ಕಸುವು ಬಾಕ್ಸ್‌ವುಡ್ಡಿಗೆ ಇಲ್ಲ, ಒಪ್ಪುತ್ತೇನೆ. ನಾನು ಊದುವುದು ರಾತ್ರಿ ಊಟವಾದ ಮೇಲೆ, ಬಾಗಿಲು ಹಾಕಿಕೊಂಡು, ಕಾಲು ಗಂಟೆ. ಪಕ್ಕದ ಕೋಣೆಯವರ ನಿದ್ದೆ ಕೆಡಿಸದ ಆ ಮೆತ್ತನೆಯ ದನಿಯೇ ನನಗೆ ಸಾಕು. ಕೋಕಸ್ಸಿನ ತಲೆ ಇನ್ನೂ ರಿಪೇರಿಯವರ ಹತ್ತಿರವಿದೆ; ಉಳಿದ ತುಂಡುಗಳು ಪೆಟ್ಟಿಗೆಯಲ್ಲಿ ಮಲಗಿವೆ.